ಈ ಆಗಸ್ಟ್ 15ಕ್ಕೆ ಊರು ಬಿಡಬೇಡಿ

ಆಗಸ್ಟ್ ತಿಂಗಳು ಬಂತು ಅಂದ್ರೆ ನಮ್ಮ ಬೆಂಗಳೂರಿನವರು ಕ್ಯಾಲೆಂಡರ್‌ನಲ್ಲಿ ಮೊದಲು ನೋಡೋದು ಏನು ಹೇಳಿ? ಹದಿನೈದನೇ ತಾರೀಕು ಯಾವ ವಾರ ಬಿದ್ದಿದೆ ಅಂತ. ಶುಕ್ರವಾರ ಬಿತ್ತಾ, ಹಬ್ಬ. ಸೋಮವಾರ ಬಿತ್ತಾ, ಅದೂ ಹಬ್ಬ. ಗುರುವಾರ ಬಿದ್ರೆ ಶುಕ್ರವಾರಕ್ಕೆ ಒಂದು ಜ್ವರ ರೆಡಿ ಇರುತ್ತೆ. ಅಕಸ್ಮಾತ್ ಭಾನುವಾರವೇ ಬಿತ್ತು ಅಂದ್ಕೊಳ್ಳಿ, ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದೇ ದಂಡ ಅನ್ನೋ ಹಾಗೆ ಮುಖ ಮಾಡ್ಕೊಂಡು ಕೂತಿರ್ತೀವಿ.

ಅಲ್ಲಿಂದ ಶುರು. ಕೂರ್ಗ್ ಹೋಮ್‌ಸ್ಟೇ ಸಿಗುತ್ತಾ? ಚಿಕ್ಕಮಗಳೂರಲ್ಲಿ ರೂಮ್ ಇದೆಯಾ? ಏನೂ ಸಿಗ್ಲಿಲ್ವಾ, ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ನಂದಿ ಬೆಟ್ಟ.

ಹದಿನಾಲ್ಕನೇ ತಾರೀಕು ಸಂಜೆ ನಮ್ಮ ಚಾನೆಲ್‌ನಲ್ಲಿ ಪ್ರತಿ ವರ್ಷ ಹಾಕೋ ದೃಶ್ಯ ಯಾವುದು ಅಂತ ನಿಮಗೂ ಗೊತ್ತು. ನೆಲಮಂಗಲದ ಕಡೆ ಕೆಂಪು ದೀಪಗಳ ಸಾಲು. ಹೊಸೂರು ರಸ್ತೆಯಲ್ಲಿ ಸಾಲು. ಮೈಸೂರು ರಸ್ತೆಯಲ್ಲಿ ಸಾಲು. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋರು. ಹೋದ ವರ್ಷದ ವಿಡಿಯೋನೇ ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ, ಅಷ್ಟು ಒಂದೇ ಥರ ಇರುತ್ತೆ.

ನಾನು ಓದಿದ್ದು ಇಂಜಿನಿಯರಿಂಗ್. ಓದಿದ್ದಕ್ಕೂ ಮಾಡ್ತಿರೋ ಕೆಲಸಕ್ಕೂ ಸಂಬಂಧ ಇಲ್ಲ ಅಂತ ಮನೆಯಲ್ಲಿ ಹೇಳ್ತಾನೇ ಇರ್ತಾರೆ. ಇವತ್ತು ಸ್ವಲ್ಪ ಸಂಬಂಧ ಇದೆ. ಒಂದು ಒಳ್ಳೆಯ ಹೆದ್ದಾರಿಯ ಒಂದು ಲೇನ್‌ನಲ್ಲಿ ಗಂಟೆಗೆ ಹೆಚ್ಚು ಕಡಿಮೆ 2,000 ಕಾರು ಸಾಗಬಹುದು. ಅದೂ ಸಿಗ್ನಲ್ ಇಲ್ಲದೆ, ಟೋಲ್ ಇಲ್ಲದೆ, ಮಧ್ಯೆ ಯಾರೂ ಎಳನೀರು ಕುಡಿಯೋಕೆ ಬ್ರೇಕ್ ಹಾಕದೆ ಇದ್ರೆ. ಬೆಟ್ಟದ ತಿರುವು ರಸ್ತೆಯಲ್ಲಿ ಇಷ್ಟೂ ಆಗಲ್ಲ. ಅದಕ್ಕಿಂತ ಒಂದಷ್ಟು ಗಾಡಿ ಜಾಸ್ತಿ ಬಂದ್ರೆ ಏನಾಗುತ್ತೆ? ಸ್ವಲ್ಪ ನಿಧಾನ ಆಗಲ್ಲ, ಪೂರ್ತಿ ನಿಂತೇ ಹೋಗುತ್ತೆ. ಬೆಂಗಳೂರಿನಿಂದ ನಂದಿ ಬೆಟ್ಟ ಸುಮಾರು 60 ಕಿಲೋಮೀಟರ್. ಎಲ್ಲರೂ ಒಂದೇ ಬೆಳಗ್ಗೆ, ಒಂದೇ ಸೂರ್ಯನನ್ನ ನೋಡೋಕೆ, ಒಂದೇ ರಸ್ತೆಯಲ್ಲಿ ಹೊರಟ್ರೆ ಸೂರ್ಯ ಅವನ ಪಾಡಿಗೆ ಹುಟ್ಟಿರ್ತಾನೆ. ನಾವು ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡ್ತಾ ಕೂತಿರ್ತೀವಿ.

ಊರಲ್ಲಿ ಅಪ್ಪ ಅಮ್ಮನ್ನ ನೋಡೋಕೆ ಹೋಗೋರಿಗೆ ನಾನು ಏನೂ ಹೇಳಲ್ಲ. ದಯವಿಟ್ಟು ಹೋಗಿ ಬನ್ನಿ. ಉಳಿದವರಿಗೆ ಇವತ್ತು ಒಂದು ಮಾತು. ಈ ಸಲ ಒಂದೇ ಒಂದು ಸಲ ಬೆಂಗಳೂರಲ್ಲೇ ಇರಿ. ಮನೆಯಲ್ಲಿ ಅಲ್ಲ, ಬೆಂಗಳೂರಲ್ಲಿ. ವ್ಯತ್ಯಾಸ ಇದೆ.

ಯಾಕೆ ಅಂತ ಹೇಳ್ತೀನಿ. ನಮ್ಮ ಊರಲ್ಲಿ ಭಾನುವಾರ ಅನ್ನೋದು ಎಲ್ಲರಿಗೂ ಭಾನುವಾರ ಅಲ್ಲ. ಐಟಿಯವರಿಗೆ ಶನಿವಾರ ಭಾನುವಾರ ರಜ. ಕಟಿಂಗ್ ಶಾಪ್‌ನವರಿಗೆ ಮಂಗಳವಾರ. ಮಾಲ್‌ನಲ್ಲಿ ಕೆಲಸ ಮಾಡೋರಿಗೆ ವಾರದ ಮಧ್ಯದಲ್ಲಿ ಯಾವಾಗಲೋ ಒಂದಿನ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಭಾನುವಾರ ಸಿಕ್ಕಿದ್ರೂ ಅದು ಬಟ್ಟೆ ಒಗೆಯೋ ಭಾನುವಾರ. ಗಂಡನ ರಜ ಒಂದಿನ, ಹೆಂಡತಿ ರಜ ಇನ್ನೊಂದು ದಿನ. ಇಡೀ ಊರು ಒಟ್ಟಿಗೆ ಬಿಡುವಾಗಿರೋ ದಿನ ಅಂತ ಸಿಗೋದೇ ಕಷ್ಟ. ಹಬ್ಬದ ರಜಗಳು ಒಬ್ಬೊಬ್ಬರಿಗೆ ಒಂದೊಂದು. ಎಲ್ಲರಿಗೂ ಸೇರಿದ್ದು ಅಂತ ದೇಶದಲ್ಲಿ ಇರೋದು ಮೂರೇ ರಾಷ್ಟ್ರೀಯ ರಜ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಆ ಮೂರರಲ್ಲಿ ಒಂದನ್ನ ನಾವು ಟೋಲ್ ಗೇಟ್‌ನಲ್ಲಿ ಕಳೀತಾ ಇದ್ದೀವಿ.

ಸರಿ ಸ್ವಾಮಿ, ಬೆಂಗಳೂರಲ್ಲಿ ಇದ್ದು ಏನು ಮಾಡೋದು, ಮಾಲ್‌ಗೆ ಹೋಗೋದಾ ಅಂತ ಕೇಳ್ತೀರಿ. ಬೇಡ. ಒಂದು ಮೆಟ್ರೋ ಕಾರ್ಡ್ ತಗೊಳ್ಳಿ. ನಾನು ಒಂದು ದಾರಿ ಹೇಳ್ತೀನಿ. ಕಾರು ಬೇಡ, ಪಾರ್ಕಿಂಗ್ ಜಗಳ ಬೇಡ, ಹೋಟೆಲ್ ಬುಕಿಂಗ್ ಬೇಡ.

ಬೆಳಗ್ಗೆ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳೀರಿ. ಪಕ್ಕದಲ್ಲೇ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಪರೇಡ್ ಮೈದಾನ. ಆಗಸ್ಟ್ 15ಕ್ಕೆ ಅಲ್ಲಿ ಧ್ವಜಾರೋಹಣ ಮಾಡೋದು ಮುಖ್ಯಮಂತ್ರಿ, ಜನವರಿ 26ಕ್ಕೆ ರಾಜ್ಯಪಾಲರು. ಕವಾಯತು ಇರುತ್ತೆ, ಶಾಲಾ ಮಕ್ಕಳ ಕಾರ್ಯಕ್ರಮ ಇರುತ್ತೆ. ಯಾವ ಗೇಟ್, ಪಾಸ್ ಬೇಕಾ ಬೇಡವಾ ಅನ್ನೋದನ್ನ ಪೊಲೀಸರು ಮೊದಲೇ ಪ್ರಕಟಿಸ್ತಾರೆ, ಅದನ್ನ ನೋಡ್ಕೊಂಡು ಹೊರಡಿ. ದೊಡ್ಡ ಬ್ಯಾಗ್ ಒಯ್ಯಬೇಡಿ, ಒಳಗೆ ಬಿಡಲ್ಲ. ನಾವೇ ಲೈವ್ ತೋರಿಸ್ತೀವಲ್ಲ, ಮತ್ಯಾಕೆ ಹೋಗಬೇಕು ಅಂತೀರಾ? ಟೀವಿ ಆಫ್ ಮಾಡಿ ಹೋಗಿ ಅಂತ ಟೀವಿಯವನೇ ಹೇಳ್ತಾ ಇದ್ದಾನೆ, ಕೇಳಿ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ ಬಂದಿರೋ ಸರ್ಕಾರಿ ಶಾಲೆ ಮಗು ಡ್ಯಾನ್ಸ್ ಮುಗಿಸಿ ಗ್ಯಾಲರಿ ಕಡೆ ನೋಡುತ್ತಲ್ಲ, ಆಗ ಅಲ್ಲಿ ಚಪ್ಪಾಳೆ ಹೊಡೆಯೋಕೆ ಜನ ಬೇಕು. ನಮ್ಮ ಕ್ಯಾಮೆರಾ ಚಪ್ಪಾಳೆ ಹೊಡೆಯಲ್ಲ.

ಅಲ್ಲಿಂದ ನಡ್ಕೊಂಡೇ ಕಬ್ಬನ್ ಪಾರ್ಕ್. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನ. ದಾಖಲೆಯಲ್ಲಿ ಅದರ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ, ಬಾಯಲ್ಲಿ ಉಳಿದಿರೋದು ಕಬ್ಬನ್ ಪಾರ್ಕೇ. ಸರ್ಕಾರಿ ರಜ ದಿನ ಒಳಗಿನ ರಸ್ತೆಗಳಲ್ಲಿ ವಾಹನ ಬಿಡಲ್ಲ. ಮಗು ಕೈ ಬಿಟ್ಟು ಓಡಿದ್ರೂ ಎದೆ ಹೊಡ್ಕೊಳ್ಳದೆ ಇರಬಹುದಾದ ರಸ್ತೆ ಬೆಂಗಳೂರಲ್ಲಿ ಎಷ್ಟಿದೆ ಹೇಳಿ? ಮನೆಯಿಂದ ಚಿತ್ರಾನ್ನ ಕಟ್ಕೊಂಡು ಹೋಗಿ. ಮರದ ಕೆಳಗೆ ಕೂತು ತಿನ್ನಿ. ತಿಂದ ಮೇಲೆ ಡಬ್ಬಿಯನ್ನೂ ಕಸವನ್ನೂ ವಾಪಸ್ ತನ್ನಿ.

ಇಲ್ಲಿ ತನಕ ನಿಮಗೆ ಗೊತ್ತಿರೋದೇ ಹೇಳಿದೆ. ಈಗ ಸ್ವಲ್ಪ ಗಮನ ಕೊಟ್ಟು ಕೇಳಿ.

ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಜೆಸ್ಟಿಕ್ ಕಡೆ ರೈಲು ಹತ್ತಿ. ಮುಂದಿನದು ಅಂಬೇಡ್ಕರ್ ನಿಲ್ದಾಣ, ಅಂದ್ರೆ ವಿಧಾನಸೌಧ. ಅದನ್ನ ಸಂಜೆಗೆ ಇಟ್ಕೊಳ್ಳಿ. ಅದರ ಮುಂದಿನದು ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜ್. ಅಲ್ಲಿ ಇಳೀರಿ. ಹತ್ತಿರದಲ್ಲೇ ಮೈಸೂರು ಬ್ಯಾಂಕ್ ಸರ್ಕಲ್. ದಿನಾ ಲಕ್ಷಾಂತರ ಜನ ಹಾರ್ನ್ ಹೊಡ್ಕೊಂಡು ದಾಟೋ ಆ ಸರ್ಕಲ್‌ನಲ್ಲಿ ಒಂದು ಹುತಾತ್ಮರ ಸ್ಮಾರಕ ಇದೆ. ನೋಡಿದ್ದೀರಾ? 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಸಮಯದಲ್ಲಿ ಪೊಲೀಸರ ಗುಂಡಿಗೆ ಸತ್ತವರ ನೆನಪಿಗೆ ಕಟ್ಟಿದ್ದು. ಸ್ವಾತಂತ್ರ್ಯ ಹೋರಾಟ ಅಂದ್ರೆ ನಮ್ಮ ಮಕ್ಕಳಿಗೆ ದಂಡಿ, ಜಲಿಯನ್ ವಾಲಾಬಾಗ್, ದೆಹಲಿ. ನಮ್ಮ ಬಸ್ ರೂಟ್‌ನಲ್ಲೇ ಜನ ಸತ್ತಿದ್ದಾರೆ ಅನ್ನೋದು ನಮಗೇ ಗೊತ್ತಿಲ್ಲ.

ಇನ್ನೊಂದು ವಿಷಯ. 1947ರ ಆಗಸ್ಟ್ 15ಕ್ಕೆ ಬ್ರಿಟಿಷರು ಹೋದ್ರು, ನಿಜ. ಮೈಸೂರು ಸಂಸ್ಥಾನ ಭಾರತದ ಒಕ್ಕೂಟಕ್ಕೂ ಸೇರಿತ್ತು. ಆದರೆ ಜನರಿಂದ ಆರಿಸಿ ಬಂದವರ ಕೈಗೆ ಸರ್ಕಾರ ಬಂದಿರಲಿಲ್ಲ. ಅಧಿಕಾರ ಇನ್ನೂ ಅರಮನೆ ಮತ್ತು ದಿವಾನರ ಹತ್ತಿರವೇ ಇತ್ತು. ಅದಕ್ಕೇ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾಯ್ತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದ್ರು, ಜನ ಜೈಲು ತುಂಬಿದ್ರು. ಕೊನೆಗೆ ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅಂದ್ರೆ ಉಳಿದ ದೇಶ ಸಿಹಿ ಹಂಚಿದ ಮೇಲೂ ನಮ್ಮ ಅಜ್ಜ ಅಜ್ಜಿಯರು ಎರಡು ತಿಂಗಳು ಹೋರಾಟ ಮಾಡಿ ತಗೊಂಡಿದ್ದು ಇದು. ಆ ಸರ್ಕಲ್‌ನಲ್ಲಿ ನಿಂತು ಮಕ್ಕಳಿಗೆ ಇಷ್ಟು ಹೇಳಿ. ಐದು ನಿಮಿಷ ಸಾಕು.

ಅಲ್ಲಿಂದ ನಡೆಯೋ ದೂರದಲ್ಲಿ, ಶೇಷಾದ್ರಿ ರಸ್ತೆಯಲ್ಲಿ, ಫ್ರೀಡಂ ಪಾರ್ಕ್. ಹೆಸರೇ ಸ್ವಾತಂತ್ರ್ಯ ಉದ್ಯಾನ. ಆದರೂ ಸ್ವಾತಂತ್ರ್ಯ ದಿನ ಲಾಲ್‌ಬಾಗ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಇಲ್ಲಿಗೆ ಹೋಗಬೇಕು ಅಂತ ಯಾರಿಗೂ ಹೊಳೆಯಲ್ಲ. ಇದು ಹಳೇ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಈ ಜಾಗ ಪಾರ್ಕ್ ಆಗಿ ತೆರೀತು. ಕಾವಲು ಗೋಪುರ ಹಾಗೇ ಇದೆ.

ಈ ಜೈಲಲ್ಲಿ ಯಾರ್ಯಾರು ಇದ್ರು ಗೊತ್ತಾ? 1975ರ ಜೂನ್‌ನಲ್ಲಿ ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನ ತುರ್ತು ಪರಿಸ್ಥಿತಿ ಘೋಷಣೆ ಆದ ಕೂಡಲೇ ಹಿಡಿದು ಹಾಕಿದ್ದು ಇಲ್ಲೇ. ಎಚ್.ಡಿ. ದೇವೇಗೌಡರೂ ಇಲ್ಲಿದ್ರು. ಮುಂದೆ ಈ ದೇಶದ ಪ್ರಧಾನಿ ಆದ ಇಬ್ಬರು ಒಂದೇ ಜೈಲಿನ ಅನ್ನ ಉಂಡ ಜಾಗ ಅದು. ಇವರೆಲ್ಲ ಹೊರಗೆ ಬಂದ್ರು, ದೊಡ್ಡವರಾದ್ರು, ಪುಸ್ತಕ ಬರೆದ್ರು. ಇನ್ನೊಬ್ಬರು ಇದ್ರು. ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಸಿನಿಮಾ ನೋಡಿದವರಿಗೆ ಅವರ ಮುಖ ಮರೆಯೋಕಾಗಲ್ಲ. ಅವರಿಗೆ ಆಸ್ತಮಾ ಇತ್ತು. ಎಂಟು ತಿಂಗಳು ಇದೇ ಜೈಲಲ್ಲಿ ಇಟ್ಟಿದ್ರು. ಆರೋಗ್ಯ ಪೂರ್ತಿ ಹದಗೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ರು. ಕೆಲವೇ ದಿನಗಳಲ್ಲಿ ತೀರ್ಕೊಂಡ್ರು.

ಈಗ ಬೆಂಗಳೂರಲ್ಲಿ ಧರಣಿ, ಪ್ರತಿಭಟನೆ ಮಾಡಬೇಕು ಅಂದ್ರೆ ಪೊಲೀಸರು ತೋರಿಸೋ ಜಾಗವೂ ಇದೇ ಫ್ರೀಡಂ ಪಾರ್ಕ್. ಅಂಗನವಾಡಿ ಕಾರ್ಯಕರ್ತೆಯರು ಬರ್ತಾರೆ, ರೈತರು ಬರ್ತಾರೆ, ಅತಿಥಿ ಉಪನ್ಯಾಸಕರು ಬರ್ತಾರೆ. ಸ್ವಾತಂತ್ರ್ಯ ಅಂದ್ರೆ ಏನು ಅಂತ ನಿಮ್ಮ ಮಗ ಕೇಳಿದ್ರೆ ಈ ಪಾರ್ಕ್‌ಗೆ ಕರ್ಕೊಂಡು ಹೋಗಿ. ಮಾತಾಡಿದವರನ್ನ ಕೂಡಿ ಹಾಕ್ತಾ ಇದ್ದ ಗೋಡೆಗಳ ಪಕ್ಕದಲ್ಲೇ ಇವತ್ತು ಜನ ಮೈಕ್ ಹಿಡಿದು ಮಾತಾಡ್ತಾರೆ ಅಂತ ತೋರಿಸಿ. ನಾನು ಇಲ್ಲಿ ಕೂತು ಒಂದು ಗಂಟೆ ಭಾಷಣ ಮಾಡಿದ್ರೂ ಅಷ್ಟು ಅರ್ಥ ಮಾಡಿಸೋಕಾಗಲ್ಲ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ. ಎರಡನೇ ಸ್ಟೇಷನ್ ಕೆ.ಆರ್. ಮಾರ್ಕೆಟ್. ಅಲ್ಲಿ ಬೆಂಗಳೂರು ಕೋಟೆಯ ಉಳಿದ ಭಾಗ ಇದೆ, ಸ್ವಲ್ಪ ಆಚೆ ಟಿಪ್ಪುವಿನ ಮರದ ಬೇಸಿಗೆ ಅರಮನೆ ಇದೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿದ ಕೋಟೆ ಇದು. ಕಲ್ಲಿನ ಬಾಗಿಲು ನೋಡಿ, ಮಾರ್ಕೆಟ್ ಹೂವಿನ ವಾಸನೆ ತಗೊಂಡು ಮುಂದೆ ಹೋಗಿ.

ಇನ್ನೆರಡು ಸ್ಟೇಷನ್ ಕಳೆದ್ರೆ ಲಾಲ್‌ಬಾಗ್. ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೆ ಒಂದು, ಸ್ವಾತಂತ್ರ್ಯ ದಿನಾಚರಣೆಗೆ ಒಂದು. ಹದಿನೈದನೇ ತಾರೀಕು ಮಧ್ಯಾಹ್ನದ ಹೊತ್ತಿಗೆ ಗಾಜಿನ ಮನೆ ಒಳಗೆ ಹೂವಿಗಿಂತ ತಲೆ ಜಾಸ್ತಿ ಕಾಣುತ್ತೆ. ಹೂವೇ ಮುಖ್ಯ ಅನ್ನೋರು ವಾರದ ಮಧ್ಯೆ ಬೆಳಗ್ಗೆ ಹೋಗಿ. ಹದಿನೈದಕ್ಕೇ ಹೋಗೋರು ಗಾಜಿನ ಮನೆಯಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಬಂಡೆ ಹತ್ತಿ. ಆ ಗಾಜಿನ ಮನೆ ಶುರುವಾಗಿದ್ದು 1889ರಲ್ಲಿ, ಅದರ ಕಬ್ಬಿಣ ಬಂದಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ನೂರಮೂವತ್ತು ವರ್ಷದ ಮೇಲಾಯ್ತು, ಗಟ್ಟಿಯಾಗಿದೆ. ನಮ್ಮ ಈಗಿನ ಕೆಲವು ಫ್ಲೈಓವರ್ ನೆನಪಾದ್ರೆ ಅದು ನನ್ನ ತಪ್ಪಲ್ಲ. ಇನ್ನು ಕೆಂಪೇಗೌಡರ ಗೋಪುರ ನಿಂತಿರೋ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಗೋಪುರ, ಹೈದರಾಲಿ ಹಾಕಿಸಿದ ತೋಟ, ಬ್ರಿಟಿಷರ ಕಬ್ಬಿಣ, ನಮ್ಮ ಮೆಟ್ರೋ, ಎಲ್ಲ ಆ ಬಂಡೆಯ ಕಣ್ಣಮುಂದೆ ನಿನ್ನೆ ಮೊನ್ನೆ ಬಂದವು.

ಅಲ್ಲಿ ಯಾರು ಬಂದಿರ್ತಾರೆ ಅಂತ ಸುಮ್ನೆ ನಿಂತು ನೋಡಿ. ಕೋಲಾರದ ಕಡೆಯಿಂದ ರೈಲು ಹತ್ತಿ ಬಂದ ಕುಟುಂಬ. ಪೀಣ್ಯದ ಫ್ಯಾಕ್ಟರಿ ಹುಡುಗರು, ಒಂದೇ ಬಣ್ಣದ ಶರ್ಟ್ ಹಾಕ್ಕೊಂಡು. ಬಿಹಾರ, ಒಡಿಶಾದಿಂದ ಬಂದು ಇಲ್ಲಿ ಕಟ್ಟಡ ಕಟ್ಟೋರು, ಊರಿಗೆ ವಿಡಿಯೋ ಕಾಲ್ ಮಾಡಿ ಹೂವಿನ ಮುಂದೆ ನಿಂತಿರ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಯೋಚನೆ ಇಲ್ಲದೆ ಹೊರಟ ಹೆಂಗಸರ ಗುಂಪು, ಬಾಳೆ ಎಲೆಯಲ್ಲಿ ಊಟ ಕಟ್ಕೊಂಡು. ನಮ್ಮ ಅಪಾರ್ಟ್‌ಮೆಂಟ್ ಗೇಟ್ ಒಳಗೆ, ನಮ್ಮ ಟೆಕ್ ಪಾರ್ಕ್ ಒಳಗೆ, ರೆಸಾರ್ಟ್ ಒಳಗೆ ಇವರು ಸಿಗಲ್ಲ. ಸಿಕ್ಕಿದ್ರೂ ಯೂನಿಫಾರ್ಮ್‌ನಲ್ಲಿ ಸಿಗ್ತಾರೆ, ಸೆಲ್ಯೂಟ್ ಹೊಡೀತಾ ಸಿಗ್ತಾರೆ. ಒಂದೇ ಕ್ಯೂನಲ್ಲಿ, ಒಂದೇ ದರದ ಟಿಕೆಟ್ ಹಿಡ್ಕೊಂಡು ಅವರ ಜೊತೆ ನಿಲ್ಲೋ ದಿನ ವರ್ಷದಲ್ಲಿ ಎಷ್ಟು ಇದೆ ನಿಮಗೆ? ನಾನು ಊರು ಬಿಡಬೇಡಿ ಅನ್ನೋದು ಇದಕ್ಕೇ.

ಈಗ ಸರ್ಕಾರಕ್ಕೆ ಒಂದು ಪ್ರಶ್ನೆ. ಜನಕ್ಕೆ ರಜ ಇರೋ ದಿನವೇ ಜನರ ದುಡ್ಡಲ್ಲಿ ನಡೆಯೋ ಜಾಗಗಳಿಗೆ ಬೀಗ ಯಾಕೆ? ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಹೆಸರಲ್ಲೇ ‘ರಾಷ್ಟ್ರೀಯ’ ಇದೆ, ರಾಷ್ಟ್ರೀಯ ರಜ ದಿನ ಬಾಗಿಲು ಹಾಕಿರುತ್ತೆ. ದಿನಗೂಲಿ ಕೆಲಸ ಮಾಡೋ ಅಪ್ಪನಿಗೆ ಮಗಳ ಜೊತೆ ಒಂದು ಒಳ್ಳೆ ಚಿತ್ರ ನೋಡೋಕೆ, ಲೈಬ್ರರಿಯಲ್ಲಿ ಒಂದು ಗಂಟೆ ಕೂರೋಕೆ ಸಿಗೋದೇ ಆ ದಿನ. ಅವನು ಬುಧವಾರ ಮಧ್ಯಾಹ್ನ ಬರ್ತಾನಾ? ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿ. ರಜ ದಿನಗಳಲ್ಲೇ ಅಲ್ಲಿ ಮಕ್ಕಳ ಗದ್ದಲ ಜಾಸ್ತಿ, ಅದು ತೆರೆದಿರುತ್ತೆ, ನಡೆಯುತ್ತೆ. ಅವರಿಗೆ ಆಗೋದು ಬೇರೆಯವರಿಗೆ ಯಾಕೆ ಆಗಲ್ಲ? ಸಿಬ್ಬಂದಿಗೆ ಬೇರೆ ದಿನ ರಜ ಕೊಡಿ. ವರ್ಷಕ್ಕೆ ಮೂರೇ ದಿನ. ಬಾಗಿಲು ತೆಗೀರಿ.

ಸಿಬ್ಬಂದಿ ಅಂದೆ. ಇವತ್ತಿನ ಮಾತಿನಲ್ಲಿ ನನಗೆ ಮುಖ್ಯ ಅನ್ಸೋದು ಈ ಕೊನೇ ವಿಷಯ. ನಾವು ಹೊರಗೆ ಹೋಗೋಕೆ ಯಾರೋ ಕೆಲಸ ಮಾಡ್ತಿರಬೇಕು. ಮೆಟ್ರೋ ಓಡಿಸೋರು, ಬಸ್ ಓಡಿಸೋರು, ಲಾಲ್‌ಬಾಗ್ ಕಸ ಗುಡಿಸೋರು, ಬಂದೋಬಸ್ತ್ ಪೊಲೀಸರು, ಹೋಟೆಲ್‌ನಲ್ಲಿ ಟೇಬಲ್ ಒರೆಸೋ ಹುಡುಗ. ನಾನೂ ಸ್ಟುಡಿಯೋದಲ್ಲೇ ಇರ್ತೀನಿ, ಪರವಾಗಿಲ್ಲ, ನನಗೆ ಬೇರೆ ದಿನ ಆಫ್ ಸಿಗುತ್ತೆ. ಎಲ್ಲರಿಗೂ ಸಿಗುತ್ತಾ?

ಕರ್ನಾಟಕದಲ್ಲಿ 1963ರಿಂದ ಒಂದು ಕಾಯ್ದೆ ಇದೆ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆ. ಅಂಗಡಿ, ಹೋಟೆಲ್, ಫ್ಯಾಕ್ಟರಿಯಲ್ಲಿ ದುಡಿಯೋರಿಗೆ ಆಗಸ್ಟ್ 15 ಸಂಬಳ ಸಹಿತ ರಜ. ಕೆಲಸಕ್ಕೆ ಕರೆದ್ರೆ ಆ ದಿನಕ್ಕೆ ಎರಡು ಪಟ್ಟು ಸಂಬಳ ಕೊಡಬೇಕು, ಇಲ್ಲಾಂದ್ರೆ ಆ ದಿನದ ಸಂಬಳ ಕೊಟ್ಟು ಇನ್ನೊಂದು ದಿನ ಸಂಬಳ ಸಹಿತ ರಜ ಕೊಡಬೇಕು. ಇದು ಮಾಲೀಕರ ದೊಡ್ಡ ಮನಸ್ಸಿನ ಪ್ರಶ್ನೆ ಅಲ್ಲ, ಕಾನೂನು. ಈ ಕಾರ್ಯಕ್ರಮ ನೋಡ್ತಾ ಇರೋ ಸೇಲ್ಸ್ ಹುಡುಗಿಯರು, ಸಪ್ಲೈಯರ್‌ಗಳು, ಸೆಕ್ಯೂರಿಟಿ ಅಣ್ಣಂದಿರು ಇದನ್ನ ತಿಳ್ಕೊಳ್ಳಿ. ಕೇಳಿ ತಗೊಳ್ಳಿ. ನೋಡ್ತಾ ಇರೋ ಮಾಲೀಕರು, ಅವರು ಕೇಳೋ ತನಕ ಕಾಯಬೇಡಿ.

ಈ ಕಾಯ್ದೆ ಕೈಗೆ ಸಿಗದೋರೂ ಇದ್ದಾರೆ. ಮಳೆಯಲ್ಲಿ ನೆನೆದುಕೊಂಡು ನಿಮ್ಮ ಬಿರಿಯಾನಿ ತರೋ ಡೆಲಿವರಿ ಹುಡುಗ. ಅವರಿಗೆ ಅಂತ 2025ರಲ್ಲಿ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಕಲ್ಯಾಣ ಮಂಡಳಿ ಇದೆ, ನಿಧಿ ಇದೆ, ಒಳ್ಳೇದು. ಸಂಬಳ ಸಹಿತ ರಜ ಅನ್ನೋದು ಇನ್ನೂ ದೂರದ ಮಾತು. ಅವನಿಗೆ ಆ ದಿನ ರಜ ಹಾಕಿದ್ರೆ ಆ ದಿನದ ಸಂಪಾದನೆ ಇಲ್ಲ. ಇನ್ನೊಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ. ಪಾತ್ರೆ ತೊಳೆಯೋಕೆ ಬರೋ ಅಕ್ಕ. ನಿಮಗೆ ರಜ ಇದ್ದ ದಿನ ಅವರಿಗೆ ಕೆಲಸ ಜಾಸ್ತಿ, ಯಾಕಂದ್ರೆ ಮನೆಯಲ್ಲಿ ಎಲ್ಲರೂ ಇರ್ತೀರಿ, ಪಾತ್ರೆ ಡಬಲ್.

ಇದಕ್ಕೆ ಸರ್ಕಾರ ಬೇಡ, ಕಾಯ್ದೆ ಬೇಡ. ಹದಿನಾಲ್ಕನೇ ತಾರೀಕು ಅವರಿಗೆ ಒಂದು ಮಾತು ಹೇಳಿ. ‘ನಾಳೆ ಬರಬೇಡಿ, ಸಂಬಳ ಹಿಡಿಯಲ್ಲ, ಮಕ್ಕಳನ್ನ ಕರ್ಕೊಂಡು ಎಲ್ಲಾದ್ರೂ ಹೋಗಿ ಬನ್ನಿ’ ಅಂತ. ಒಂದು ದಿನ ನಮ್ಮ ತಟ್ಟೆ ನಾವು ತೊಳೆದ್ರೆ ಏನೂ ಆಗಲ್ಲ. ಸಾಬರಮತಿ ಆಶ್ರಮದಲ್ಲಿ ತೊಳೀತಾ ಇದ್ರು, ಅಲ್ಲಿಂದಲೇ ಸ್ವಾತಂತ್ರ್ಯ ಬಂತು.

ಸಂಜೆ ವಾಪಸ್ ಬರುವಾಗ ಅಂಬೇಡ್ಕರ್ ನಿಲ್ದಾಣದಲ್ಲಿ ಇಳೀರಿ ಅಂದಿದ್ದೆ. ವಿಧಾನಸೌಧಕ್ಕೆ ದೀಪ ಹಾಕಿರ್ತಾರೆ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ್ದು, 1956ರಲ್ಲಿ ಮುಗಿದಿದ್ದು. ಎದುರಿನ ಫುಟ್‌ಪಾತ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಎಲ್ಲರೂ ಫೋಟೋ ತೆಗೀತಾ ಇರ್ತಾರೆ. ನೀವೂ ತೆಗೀರಿ. ಪಕ್ಕದಲ್ಲಿ ಯಾರಾದ್ರೂ ‘ಅಣ್ಣಾ, ನಮ್ಮದೊಂದು ಫೋಟೋ ತೆಗೀತೀರಾ’ ಅಂತ ಫೋನ್ ಕೊಟ್ರೆ ಅವರದ್ದೂ ತೆಗೀರಿ. ನಿಮ್ಮನೆ ಪಾತ್ರೆ ತೊಳೆಯೋ ಅಕ್ಕನೇ ಮಕ್ಕಳ ಜೊತೆ ಅಲ್ಲಿ ಸಿಕ್ಕಿದ್ರೆ, ಆ ದಿನ ಚೆನ್ನಾಗಿ ಕಳೀತು ಅಂತ ಅರ್ಥ.

ಮುಂಗಡವಾಗಿ ಸ್ವಾತಂತ್ರ್ಯ ದಿನದ ಶುಭಾಶಯ. ಕೊಡೆ ಮರೀಬೇಡಿ, ಆಗಸ್ಟ್ ಮಳೆ ನಂಬೋ ಹಾಗಿಲ್ಲ.